ಹೊಗೆಯ ದಾರಿ ಹುಡುಕಿದ ಬೆಂಜಮಿನ್ ಫ್ರಾಂಕ್ಲಿನ್



ಬೆಂಜಮಿನ್ ಫ್ರಾಂಕ್ಲಿನ್ ಅಂದ ಕೂಡಲೇ ನಮಗೆಲ್ಲ ಗಾಳಿಪಟ ನೆನಪಾಗುತ್ತದೆ. ಸಿಡಿಲು ಕೂಡ ವಿದ್ಯುತ್ತೇ ಎಂದು ತೋರಿಸಿದವನು ಅವನು. ಆದರೆ ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಅವನು ಒಂದು ಒಲೆ ಕಂಡುಹಿಡಿದಿದ್ದ ಅನ್ನೋದು ನನಗೆ ಗೊತ್ತಿರಲಿಲ್ಲ. ಒಂದು ದಿನ ಬೆಳಗ್ಗೆ ಬಚ್ಚಲೊಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಶಾಲೆಗೆ ಬಂದಿದ್ದೆ. ವಿಜ್ಞಾನದ ಮೇಷ್ಟ್ರು ನೋಡಿ ನಕ್ಕು, ಫ್ರಾಂಕ್ಲಿನ್ನನ ಜೀವನ ಚರಿತ್ರೆ ಓದು ಅಂತ ಹೇಳಿದರು. ಒಲೆಗೂ ಫ್ರಾಂಕ್ಲಿನ್ನನಿಗೂ ಏನು ಸಂಬಂಧ ಅಂತ ಆಶ್ಚರ್ಯವಾಯಿತು. ಓದಿದ ಮೇಲೆ ಗೊತ್ತಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಹುಟ್ಟು, ಬಾಲ್ಯ

ಫ್ರಾಂಕ್ಲಿನ್ ಹುಟ್ಟಿದ್ದು 1706ನೇ ಇಸವಿ ಜನವರಿ 17ರಂದು, ಅಮೆರಿಕದ ಬಾಸ್ಟನ್ ಊರಿನಲ್ಲಿ. ಆಗ ಅಮೆರಿಕ ಇಂಗ್ಲೆಂಡಿನ ಆಳ್ವಿಕೆಯಲ್ಲಿತ್ತು. ತಂದೆ ಜೋಸಾಯ ಮೇಣದ ಬತ್ತಿ, ಸೋಪು ಮಾಡಿ ಮಾರುತ್ತಿದ್ದ. ತಾಯಿ ಅಬಾಯ. ತಂದೆಗೆ ಇಬ್ಬರು ಹೆಂಡತಿಯರಿಂದ ಒಟ್ಟು 17 ಮಕ್ಕಳು. ಅವರಲ್ಲಿ ನಮ್ಮ ಬೆಂಜಮಿನ್ 15ನೆಯವನು!

ಅಷ್ಟು ದೊಡ್ಡ ಸಂಸಾರದಲ್ಲಿ ಎಲ್ಲರನ್ನೂ ಓದಿಸೋಕೆ ಆಗುತ್ತದೆಯೇ? ಅವನು ಶಾಲೆಗೆ ಹೋಗಿದ್ದು ಸುಮಾರು ಎರಡೇ ವರ್ಷ. ಹತ್ತನೇ ವಯಸ್ಸಿಗೆ ಶಾಲೆ ಬಿಡಿಸಿ ಮೇಣದ ಬತ್ತಿಯ ಕೆಲಸಕ್ಕೆ ಹಾಕಿದರು. ಬತ್ತಿ ಕತ್ತರಿಸೋದು, ಅಚ್ಚಿಗೆ ಕೊಬ್ಬು ಸುರಿಯೋದು ಅವನ ಕೆಲಸ. ಅದು ಅವನಿಗೆ ಹಿಡಿಸಲಿಲ್ಲ. ಹನ್ನೆರಡನೇ ವಯಸ್ಸಿಗೆ ಅಣ್ಣ ಜೇಮ್ಸನ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದ. ಅಲ್ಲಿ ಅವನಿಗೆ ಪುಸ್ತಕದ ರುಚಿ ಹತ್ತಿತು. ಪುಸ್ತಕದ ಅಂಗಡಿಯ ಹುಡುಗರ ಕೈಯಿಂದ ಸಂಜೆ ಪುಸ್ತಕ ಇಸ್ಕೊಂಡು ರಾತ್ರಿಯೆಲ್ಲ ಓದಿ ಬೆಳಗ್ಗೆ ವಾಪಸ್ ಇಡುತ್ತಿದ್ದನಂತೆ. ಸ್ವಲ್ಪ ಕಾಲ ಮಾಂಸ ತಿನ್ನೋದು ಬಿಟ್ಟು, ಊಟದ ದುಡ್ಡಿನಲ್ಲಿ ಅರ್ಧ ಉಳಿಸಿ ಅದರಲ್ಲೂ ಪುಸ್ತಕ ಕೊಂಡ.

ಅಣ್ಣ ಸಿಟ್ಟಿನ ಮನುಷ್ಯ, ಹೊಡೆಯುತ್ತಿದ್ದ. 1723ರಲ್ಲಿ, 17ನೇ ವಯಸ್ಸಿನಲ್ಲಿ, ಫ್ರಾಂಕ್ಲಿನ್ ಮನೆ ಬಿಟ್ಟು ಓಡಿಹೋಗಿ ಫಿಲಡೆಲ್ಫಿಯಾ ಪಟ್ಟಣ ಸೇರಿದ. ಜೇಬಿನಲ್ಲಿ ಚಿಲ್ಲರೆ ಕಾಸು. ಅದರಲ್ಲಿ ಮೂರು ದಪ್ಪ ಬನ್ನು ಕೊಂಡು, ಎರಡು ಕಂಕುಳಲ್ಲಿ ಇಟ್ಟುಕೊಂಡು, ಒಂದನ್ನು ತಿನ್ನುತ್ತಾ ಬೀದಿಯಲ್ಲಿ ನಡೆದ. ಒಂದು ಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಅವನ ಅವತಾರ ನೋಡಿದಳು. ಅವಳ ಹೆಸರು ಡೆಬೋರಾ ರೀಡ್. ಮುಂದೆ 1730ರಲ್ಲಿ ಅವಳೇ ಅವನ ಹೆಂಡತಿಯಾದಳು.

ಫಿಲಡೆಲ್ಫಿಯಾದಲ್ಲಿ

ಫ್ರಾಂಕ್ಲಿನ್ ಕಷ್ಟಪಟ್ಟು ದುಡಿದು ಸ್ವಂತ ಅಚ್ಚುಕೂಟ ಇಟ್ಟ. 1729ರಲ್ಲಿ ಪೆನ್ಸಿಲ್ವೇನಿಯಾ ಗೆಜೆಟ್ ಎಂಬ ಪತ್ರಿಕೆಯನ್ನು ಕೊಂಡು ನಡೆಸಿದ. 1731ರಲ್ಲಿ ಗೆಳೆಯರನ್ನೆಲ್ಲ ಸೇರಿಸಿ ಚಂದಾ ಎತ್ತಿ ಗ್ರಂಥಾಲಯ ಸ್ಥಾಪಿಸಿದ. ಒಬ್ಬನಿಗೆ ಕೊಳ್ಳಲಾಗದ ಪುಸ್ತಕವನ್ನು ಹತ್ತು ಜನ ಸೇರಿ ಕೊಳ್ಳಬಹುದು ಅನ್ನೋದು ಅವನ ಲೆಕ್ಕ.

ಆ ಊರಿನಲ್ಲಿ ಚಳಿಗಾಲ ಬಂತೆಂದರೆ ಹಿಮ ಬೀಳುತ್ತದೆ, ನೀರು ಕಲ್ಲಾಗುತ್ತದೆ. ಮನೆಯೊಳಗೆ ಬೆಂಕಿ ಇಲ್ಲದೆ ಬದುಕೋ ಹಾಗಿಲ್ಲ. ಅಲ್ಲಿಯ ಒಲೆ ನಮ್ಮ ಹಾಗೆ ನೆಲದ ಮೇಲೆ ಇರುವುದಿಲ್ಲ. ಗೋಡೆಯಲ್ಲೇ ದೊಡ್ಡ ಗೂಡು ಬಿಟ್ಟು, ಅದರಿಂದ ಚಾವಣಿಯ ಮೇಲಕ್ಕೆ ಚಿಮಣಿ ಕಟ್ಟಿರುತ್ತಾರೆ. ಅದಕ್ಕೆ ಫೈರ್‌ಪ್ಲೇಸ್ ಅನ್ನುತ್ತಾರೆ. ನಾವು ಗೋಡೆ ಒಲೆ ಅನ್ನೋಣ. ಒಂದು ಗೋಡೆ ಒಲೆ ಒಂದು ಕೋಣೆಗೇ ಸಾಲದು. ದೊಡ್ಡ ಮನೆಯಲ್ಲಿ ಜನ ಕೆಂಡವನ್ನು ಸಲಿಕೆಯಲ್ಲಿ ತುಂಬಿಕೊಂಡು ಈ ಕೋಣೆಯಿಂದ ಆ ಕೋಣೆಗೆ, ಮೆಟ್ಟಿಲು ಹತ್ತಿ ಇಳಿದು ಒಯ್ಯುತ್ತಿದ್ದರು. ಒಂದು ಕೆಂಡ ಮರದ ನೆಲದ ಮೇಲೆ ಬಿದ್ದರೆ ಮುಗಿಯಿತು. 1735ರಲ್ಲಿ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಈ ಅಪಾಯದ ಬಗ್ಗೆ ಬರೆದು, ಚಿಮಣಿಗಳನ್ನು ಚೊಕ್ಕವಾಗಿಡಿ ಎಂದು ಎಚ್ಚರಿಸಿದ. ಬರೆದು ಸುಮ್ಮನಾಗಲಿಲ್ಲ. ಮುಂದಿನ ವರ್ಷ, 1736ರಲ್ಲಿ, ಬೆಂಕಿ ಆರಿಸುವ ಸ್ವಯಂಸೇವಕರ ಸಂಘವನ್ನೇ ಕಟ್ಟಿದ.

ಯಾವ ಒಲೆ ಒಳ್ಳೆಯದು?

ಸೌದೆ ಇನ್ನೊಂದು ತೊಂದರೆ. ಮೊದಲು ಮನೆ ಬಾಗಿಲಲ್ಲೇ ಸಿಗುತ್ತಿದ್ದ ಸೌದೆಯನ್ನು ಕೆಲವು ಊರಿಗೆ ಸುಮಾರು 100 ಮೈಲಿ ದೂರದಿಂದ ತರುವ ಕಾಲ ಬಂದಿತ್ತು. ಬಡವರಿಗೆ ಅದು ದೊಡ್ಡ ಖರ್ಚು. ಇಷ್ಟು ಸೌದೆ ಸುಟ್ಟರೂ ಮನೆ ಯಾಕೆ ಬೆಚ್ಚಗಾಗೋದಿಲ್ಲ? ಫ್ರಾಂಕ್ಲಿನ್ ಈ ಪ್ರಶ್ನೆ ಹಿಡಿದು ಕುಳಿತ. ಆಗ ಬಳಕೆಯಲ್ಲಿದ್ದ ಒಲೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದ.

ಹಳೇ ಕಾಲದ ದೊಡ್ಡ ಗೋಡೆ ಒಲೆಯ ಬಾಯಿ ಎಷ್ಟು ಅಗಲ ಅಂದ್ರೆ ಅದರ ಮೂಲೆಯಲ್ಲಿ ಜನ ಕೂರಬಹುದಿತ್ತು. ಆದರೆ ಬಾಗಿಲು ತೆರೆದಿಡದೆ ಹೋದರೆ ಹೊಗೆ ಮನೆಗೆ ನುಗ್ಗುತ್ತಿತ್ತು. ಬಾಗಿಲು ತೆರೆದರೆ ಚಳಿಗಾಳಿ. ಮುಂದೆ ಸುಡುತ್ತೆ, ಬೆನ್ನು ಮರಗಟ್ಟುತ್ತೆ. ಹೊಸ ಮಾದರಿಯ ಸಣ್ಣ ಬಾಯಿಯ ಗೋಡೆ ಒಲೆಯಲ್ಲಿ ಹೊಗೆ ಕಡಿಮೆ. ಆದರೆ ಅದರಲ್ಲೂ ಆರು ಪಾಲು ಶಾಖದಲ್ಲಿ ಐದು ಪಾಲು ಚಿಮಣಿಯ ಮೂಲಕ ಆಕಾಶಕ್ಕೆ ಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಅಂದ್ರೆ ಆರು ಹೊರೆ ಸೌದೆ ತಂದರೆ ಮನೆ ಕಾಯಿಸೋದು ಒಂದೇ ಹೊರೆ!

ಹಾಲೆಂಡಿನವರ ಮುಚ್ಚಿದ ಕಬ್ಬಿಣದ ಒಲೆ ಕೋಣೆಯನ್ನು ಚೆನ್ನಾಗಿ ಕಾಯಿಸುತ್ತಿತ್ತು. ಆದರೆ ಬೆಂಕಿ ಕಣ್ಣಿಗೆ ಕಾಣೋದಿಲ್ಲ, ಕೋಣೆಯ ಗಾಳಿ ಹೆಚ್ಚು ಬದಲಾಗೋದಿಲ್ಲ. ಜರ್ಮನರ ಒಲೆಗೆ ಪಕ್ಕದ ಕೋಣೆಯಿಂದ ಸೌದೆ ಹಾಕಬೇಕು. ಅದರಲ್ಲೂ ಕೋಣೆಯ ಗಾಳಿ ಹಾಗೇ ನಿಂತುಬಿಡುತ್ತದೆ. ಮನೆಯಲ್ಲೇ ಹೆಚ್ಚು ಹೊತ್ತು ಕೂತು ಕೆಲಸ ಮಾಡುವ ಹೆಂಗಸರಿಗೆ ಈ ತಣ್ಣನೆ ಗಾಳಿಯಿಂದ ನೆಗಡಿ, ಹಲ್ಲುನೋವು ಬರುತ್ತದೆ ಎಂದೂ ಅವನು ಗಮನಿಸಿದ್ದ. ಕಾರಣದ ಬಗ್ಗೆ ಇವತ್ತಿನ ಡಾಕ್ಟರು ಬೇರೆ ಹೇಳಬಹುದು. ಆದರೆ ಒಲೆಯ ಮುಂದೆ ಯಾರು ಕೂರುತ್ತಾರೆ ಅಂತ ಅವನು ಯೋಚಿಸಿದನಲ್ಲ, ಅದು ನನಗೆ ಇಷ್ಟವಾಯಿತು.

ಒಲೆಯೊಳಗೊಂದು ಒಲೆ

ಸುಮಾರು 1742ರ ಹೊತ್ತಿಗೆ ಅವನ ಹೊಸ ಒಲೆ ತಯಾರಾಯಿತು. ಹಳೇ ಗೋಡೆ ಒಲೆಯನ್ನು ಒಡೆದು ಹಾಕಬೇಕಾಗಿರಲಿಲ್ಲ. ಬೀಡು ಕಬ್ಬಿಣದ ಹಲಗೆಗಳಿಂದ ಮಾಡಿದ ಪೆಟ್ಟಿಗೆಯನ್ನು ಅದರ ಬಾಯೊಳಗೆ ಕೂರಿಸಿ, ಸುತ್ತಲಿನ ಸಂದು ಮುಚ್ಚಿಬಿಡೋದು. ಮುಂಭಾಗ ತೆರೆದಿರುವುದರಿಂದ ಬೆಂಕಿ ಕಾಣುತ್ತಿತ್ತು.

ಅದು ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಬೆಂಕಿಯ ಹಿಂದೆ ಒಂದು ಪೊಳ್ಳು ಕಬ್ಬಿಣದ ಗಾಳಿಪೆಟ್ಟಿಗೆ. ನೆಲದ ಕೆಳಗಿನ ಒಂದು ಕಾಲುವೆಯಿಂದ ಹೊರಗಿನ ಗಾಳಿ ಅದರೊಳಗೆ ಬರುತ್ತದೆ. ಒಳಗೆ ಅಡ್ಡ ಪಟ್ಟಿಗಳಿವೆ. ಗಾಳಿ ಅವುಗಳ ನಡುವೆ ಸುತ್ತಿ ಸುತ್ತಿ ಬಿಸಿಯಾಗಿ ಪಕ್ಕದ ತೂತುಗಳಿಂದ ಕೋಣೆಗೆ ಬರುತ್ತದೆ. ಹೊಗೆಯ ದಾರಿ ಬೇರೆ. ಹೊಗೆ ನೇರವಾಗಿ ಮೇಲೆ ಹೋಗದೆ ಗಾಳಿಪೆಟ್ಟಿಗೆಯನ್ನು ಹತ್ತಿ, ಅದರ ಹಿಂದೆ ಇಳಿದು, ನೆಲದ ಮಟ್ಟದಲ್ಲಿ ಹಾದು, ಆಮೇಲೆ ಚಿಮಣಿ ಸೇರಬೇಕು. ಹೋಗುವ ದಾರಿಯಲ್ಲೆಲ್ಲ ಕಬ್ಬಿಣಕ್ಕೆ ತನ್ನ ಶಾಖ ಕೊಟ್ಟು ಹೋಗಲಿ ಅನ್ನೋದು ಉಪಾಯ. ತನ್ನ ಕೋಣೆ ಮೊದಲಿನ ಕಾಲು ಭಾಗ ಸೌದೆಯಲ್ಲೇ ಎರಡರಷ್ಟು ಬೆಚ್ಚಗಾಯಿತು ಎಂದು ಫ್ರಾಂಕ್ಲಿನ್ ಬರೆದಿದ್ದಾನೆ. ಇಂಥ ಒಲೆ ಎಲ್ಲರ ಮನೆಗೂ ಬಂದರೆ ನಾವು ಸುಡುವಷ್ಟೇ ಬೇಗ ಕಾಡು ಬೆಳೆಯಬಹುದು ಅಂತಲೂ ಅವನ ಆಸೆ.

ಕಬ್ಬಿಣ ಎರಕ ಹೊಯ್ಯುವ ಕೆಲಸವನ್ನು ಗೆಳೆಯ ರಾಬರ್ಟ್ ಗ್ರೇಸನಿಗೆ ಕೊಟ್ಟ. 1744ರಲ್ಲಿ ಒಲೆಯ ವಿವರವನ್ನೆಲ್ಲ ಚಿತ್ರದ ಸಮೇತ ಪುಸ್ತಕವಾಗಿ ಅಚ್ಚು ಹಾಕಿಸಿದ. ಆ ಪ್ರಾಂತ್ಯದ ಗವರ್ನರ್ ಥಾಮಸ್ ಅದನ್ನು ಓದಿ ಮೆಚ್ಚಿ, ಇಷ್ಟು ವರ್ಷ ಬೇರೆ ಯಾರೂ ಈ ಒಲೆ ಮಾರದಂತೆ ಪೇಟೆಂಟ್ ಕೊಡುತ್ತೇನೆ ಅಂದ. ಫ್ರಾಂಕ್ಲಿನ್ ಬೇಡ ಅಂದ. ಬೇರೆಯವರು ಕಂಡುಹಿಡಿದ ಎಷ್ಟೋ ವಸ್ತುಗಳಿಂದ ನಾವು ಸುಖ ಪಡುತ್ತೇವೆ, ನಾವು ಕಂಡುಹಿಡಿದದ್ದನ್ನೂ ಧಾರಾಳವಾಗಿ ಕೊಡಬೇಕು ಅನ್ನೋದು ಅವನ ನಿಲುವು. ಲಂಡನ್ನಿನ ಒಬ್ಬ ಕಬ್ಬಿಣದ ವ್ಯಾಪಾರಿ ಅದೇ ಒಲೆಗೆ ಸಣ್ಣಪುಟ್ಟ ಬದಲಾವಣೆ ಮಾಡಿ, ಅದನ್ನು ಕೆಡಿಸಿ, ತನ್ನ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡು ದುಡ್ಡು ಮಾಡಿದನಂತೆ! ಫ್ರಾಂಕ್ಲಿನ್ ಜಗಳಕ್ಕೆ ಹೋಗಲಿಲ್ಲ.

ಒಲೆಯ ತಪ್ಪು

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಆದರೆ ಆ ಒಲೆಯಲ್ಲಿ ಒಂದು ದೊಡ್ಡ ದೋಷವಿತ್ತು.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ ಅನ್ನೋದು ನಮಗೆ ಗೊತ್ತು. ಫ್ರಾಂಕ್ಲಿನ್ ಹೊಗೆಯನ್ನು ಕೆಳಕ್ಕೆ ಇಳಿಸಿದ್ದ. ಚಿಮಣಿ ಚೆನ್ನಾಗಿ ಕಾದಿದ್ದರೆ ಅದು ಹೊಗೆಯನ್ನು ಎಳೆದುಕೊಳ್ಳುತ್ತೆ. ಚಿಮಣಿ ತಣ್ಣಗಿದ್ದರೆ ಎಳೆಯೋದಿಲ್ಲ. ಹೊಗೆ ಕೋಣೆಗೆ ವಾಪಸ್ ಬರುತ್ತದೆ, ಬೆಂಕಿ ಆರಿಹೋಗುತ್ತದೆ. ಹಾಗಾಗಿ ಈ ಒಲೆ ಅವನು ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಮುಂದೆ 1780ರ ದಶಕದಲ್ಲಿ ಡೇವಿಡ್ ರಿಟನ್‌ಹೌಸ್ ಎಂಬ ವಿಜ್ಞಾನಿ ಹೊಗೆಗೆ ಮೇಲ್ಮುಖವಾದ ಕೊಳವೆ ಇಟ್ಟು ಸರಿಪಡಿಸಿದ. ಇವತ್ತು ಫ್ರಾಂಕ್ಲಿನ್ ಒಲೆ ಅಂತ ಕರೆಯುವ ಒಲೆಗಳಲ್ಲಿ ಹೆಚ್ಚಿನವು ಹೀಗೆ ತಿದ್ದಿದ ಒಲೆಗಳೇ.

ಫ್ರಾಂಕ್ಲಿನ್ ಮಾತ್ರ ಒಲೆಯ ವಿಷಯವನ್ನು ಬಿಟ್ಟುಬಿಡಲಿಲ್ಲ. ನಡುವೆ 1752ರಲ್ಲಿ ಗಾಳಿಪಟದ ಪ್ರಯೋಗ ಮಾಡಿದ. ಸಿಡಿಲಿನಿಂದ ಕಟ್ಟಡ ಕಾಯುವ ಸಲಾಕೆ ಕಂಡುಹಿಡಿದ. ಅದಕ್ಕೂ ಪೇಟೆಂಟ್ ಪಡೆಯಲಿಲ್ಲ. 1758ರಲ್ಲಿ ಲಂಡನ್ನಿನಲ್ಲಿದ್ದಾಗ ಚಿಮಣಿಯ ಕತ್ತಿನಲ್ಲಿ ಹಿಂದೆ ಮುಂದೆ ಸರಿಸುವ ಕಬ್ಬಿಣದ ತಗಡು ಇಟ್ಟು, ಬೇಕಾದಷ್ಟೇ ಗಾಳಿ ಮೇಲೆ ಹೋಗುವಂತೆ ಮಾಡಿದ. ನಂತರ ಅಲ್ಲೇ, ತನ್ನ ಹೊಗೆಯನ್ನು ತಾನೇ ಸುಡುವ ಕಲ್ಲಿದ್ದಲ ಒಲೆಯನ್ನೂ ಮಾಡಿ ಬಳಸಿದ.

ಡೆಬೋರಾಳ ಅಡುಗೆಮನೆ

ಈ ಭಾಗ ಓದುವಾಗ ನನಗೆ ಬೇಜಾರಾಯಿತು. 1763ರಲ್ಲಿ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಮೂರು ಅಂತಸ್ತಿನ ದೊಡ್ಡ ಮನೆ ಕಟ್ಟಿಸಲು ಶುರು ಮಾಡಿದ. ಮುಗಿಯುವ ಮೊದಲೇ, 1764ರ ಕೊನೆಯಲ್ಲಿ, ಊರಿನವರ ಪರವಾಗಿ ಮಾತಾಡಲು ಲಂಡನ್ನಿಗೆ ಹೊರಟ. ಡೆಬೋರಾಗೆ ಸಮುದ್ರ ಪ್ರಯಾಣ ಎಂದರೆ ಭಯ, ಅವಳು ಬರಲಿಲ್ಲ. ಮನೆ ಮುಗಿಸುವ ಭಾರವೆಲ್ಲ ಅವಳ ಮೇಲೆ ಬಿತ್ತು. 1765ರಲ್ಲಿ ಅವಳು ಒಬ್ಬಳೇ ನಿಂತು ಹೊಸ ಮನೆಗೆ ಸಾಮಾನು ಸಾಗಿಸಿದಳು.

ಆ ಮನೆಯ ಅಡುಗೆಮನೆಯಲ್ಲಿ ಆವಿ, ವಾಸನೆ, ಹೊಗೆ ಎಲ್ಲ ಹೊರಗೆ ಹೋಗಲು ಫ್ರಾಂಕ್ಲಿನ್ ಹೊಸ ಹೊಸ ಉಪಾಯ ಮಾಡಿದ್ದ. ಅದು ಒಂದು ಯಂತ್ರದ ಹಾಗಿತ್ತು. ಆದರೆ ಅದನ್ನು ನಡೆಸೋದು ಹೇಗೆ ಅಂತ ಹೆಂಡತಿಗೆ ಪೂರ್ತಿ ತಿಳಿಸಿರಲಿಲ್ಲ! ನೀನು ಅದನ್ನು ಬಳಸೋದು ಕಷ್ಟವಾಗಬಹುದು, ನಾನು ಅಲ್ಲಿರಬೇಕಿತ್ತು ಎಂಬ ಅರ್ಥದಲ್ಲಿ ಲಂಡನ್ನಿನಿಂದ ಕಾಗದ ಬರೆದ. ಊರಿಗೆಲ್ಲ ಒಲೆಯ ಪುಸ್ತಕ ಅಚ್ಚು ಹಾಕಿಸಿದವನು ಮನೆಯಾಕೆಗೆ ಹೇಳಿಕೊಡೋದನ್ನು ಮರೆತಿದ್ದ. ಹತ್ತು ವರ್ಷ ಅವನು ಹಿಂದಿರುಗಲಿಲ್ಲ. 1774ರ ಡಿಸೆಂಬರಿನಲ್ಲಿ ಡೆಬೋರಾ ತೀರಿಕೊಂಡಳು. ಅವನು ಬಂದದ್ದು 1775ರ ಮೇ ತಿಂಗಳಲ್ಲಿ. ಆ ಒಲೆಗಳ ಬಗ್ಗೆ ಅವಳು ಏನು ಹೇಳುತ್ತಿದ್ದಳೋ, ಎದುರಿಗೆ ಕೂತು ಕೇಳುವ ಅವಕಾಶ ಅವನಿಗೆ ಸಿಗಲಿಲ್ಲ.

ಚಿಮಣಿಯಲ್ಲಿ ಹಕ್ಕಿ ಗೂಡು

ಮುಂದಿನದು ಚರಿತ್ರೆಯ ಪುಸ್ತಕದಲ್ಲಿದೆ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅವನು ಸಹಿ ಹಾಕಿದ. ಅದೇ ವರ್ಷ ಫ್ರಾನ್ಸಿಗೆ ಹೋಗಿ ಆ ದೇಶದ ಸಹಾಯ ಗಳಿಸಿದ. 1783ರಲ್ಲಿ ಇಂಗ್ಲೆಂಡಿನ ಜೊತೆ ಶಾಂತಿ ಒಪ್ಪಂದವಾಯಿತು. 1785ರಲ್ಲಿ ಹಡಗು ಹತ್ತಿ ಮನೆಗೆ ಹೊರಟ. ಆಗ ಅವನಿಗೆ 79 ವರ್ಷ.

ಹಡಗಿನಲ್ಲಿ ಅವನು ಏನು ಮಾಡಿದ ಗೊತ್ತಾ? ಹೊಗೆ ಕಾರುವ ಚಿಮಣಿಗಳ ಬಗ್ಗೆ ಉದ್ದನೆಯ ಕಾಗದ ಬರೆದ! ಯಾರಿಗೆ? ಇಂಗನ್‌ಹೌಸ್‌ಗೆ. ಗಿಡಗಳು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ ಎಂದು ತೋರಿಸಿದ ವಿಜ್ಞಾನಿ ಅವನೇ. ಹೊಗೆಗೆ ತಾನಾಗಿ ಮೇಲೇರುವ ಶಕ್ತಿ ಇಲ್ಲ, ಬಿಸಿ ಗಾಳಿ ಅದನ್ನು ಹೊತ್ತೊಯ್ಯುತ್ತದೆ ಎಂದು ಆ ಕಾಗದದಲ್ಲಿ ವಿವರಿಸಿ, ಮನೆಯೊಳಗೆ ಹೊಗೆ ತುಂಬಲು ಒಂಬತ್ತು ಕಾರಣ ಕೊಟ್ಟಿದ್ದಾನೆ. ಕೆಲವನ್ನು ಹೇಳುತ್ತೇನೆ.

ಹೊಸ ಮನೆ ತುಂಬಾ ಬಿಗಿಯಾಗಿದ್ದರೆ ಹೊರಗಿನ ಗಾಳಿ ಒಳಗೆ ಬರೋದಿಲ್ಲ. ಒಳಗೆ ಬಾರದ ಗಾಳಿ ಚಿಮಣಿಯಲ್ಲಿ ಹೋಗೋದು ಹೇಗೆ? ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದು ನೋಡಬೇಕು. ಎಷ್ಟು ಸಂದಿಗೆ ಹೊಗೆ ನಿಲ್ಲುತ್ತೋ ಅಷ್ಟು ಗಾಳಿ ಆ ಒಲೆಗೆ ಬೇಕು. ಒಲೆಯ ಬಾಯಿ ಬಹಳ ದೊಡ್ಡದಾಗಿರಬಾರದು. ಚಿಮಣಿ ಬಹಳ ಗಿಡ್ಡ ಇರಬಾರದು. ಪಕ್ಕದಲ್ಲಿ ಎತ್ತರದ ಗುಡ್ಡವೋ ಕಟ್ಟಡವೋ ಇದ್ದರೆ ಗಾಳಿ ಅದರ ಮೇಲಿಂದ ಬಂದು ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ದೊಡ್ಡ ಮನೆಗಳಲ್ಲಿ ಇನ್ನೊಂದು ತಮಾಷೆ. ಎರಡು ಒಲೆ ಉರಿಯುವಾಗ ಹೆಚ್ಚು ಬಲದ ಒಲೆ ತನಗೆ ಬೇಕಾದ ಗಾಳಿಯನ್ನು ಇನ್ನೊಂದರ ಚಿಮಣಿಯಿಂದ ಎಳೆದುಕೊಳ್ಳುತ್ತದೆ. ಆಗ ಸೋತ ಒಲೆಯ ಹೊಗೆ ಕೋಣೆಗೆ ಬರುತ್ತದೆ. ಅದಕ್ಕೆ ಒಂದೊಂದು ಒಲೆಗೂ ಅದರದೇ ಗಾಳಿಯ ದಾರಿ ಇರಬೇಕು.

ಇಷ್ಟೆಲ್ಲ ತಿಳಿದ ಫ್ರಾಂಕ್ಲಿನ್ ಅದೇ ಕಾಗದದಲ್ಲಿ ತನ್ನ ಸೋಲನ್ನೂ ಬರೆದುಕೊಂಡಿದ್ದಾನೆ. ಲಂಡನ್ನಿನ ಹತ್ತಿರ ಗೆಳೆಯನೊಬ್ಬನ ಹಳ್ಳಿ ಮನೆ. ಅಲ್ಲಿ ಚೆನ್ನಾಗಿರುವ ಕೋಣೆಯಲ್ಲೇ ಬೆಂಕಿ ಹಾಕುವ ಹಾಗಿಲ್ಲ, ಪೂರ್ತಿ ಹೊಗೆ. ಫ್ರಾಂಕ್ಲಿನ್ ಇದೇನು ಮಹಾ ಅಂದುಕೊಂಡು ಹೋದ. ಬಾಗಿಲು ತೆರೆದು ನೋಡಿದ, ಹೊಗೆ ನಿಲ್ಲಲಿಲ್ಲ. ಒಲೆಯ ಬಾಯಿ ಕಿರಿದು ಮಾಡಿದ, ನಿಲ್ಲಲಿಲ್ಲ. ಹೊರಗೆ ಹೋಗಿ ಚಿಮಣಿಯ ತುದಿ ನೋಡಿದ, ಎಲ್ಲ ಸರಿಯಾಗೇ ಕಂಡಿತು. ಕೊನೆಗೆ ನನಗೆ ತಿಳಿಯಲಿಲ್ಲ ಎಂದು ಒಪ್ಪಿಕೊಂಡು ಬಂದ. ಆಮೇಲೆ ಆ ಗೆಳೆಯನೇ ಏಣಿ ಹಾಕಿ ಹತ್ತಿ ಚಿಮಣಿಯೊಳಗೆ ಇಣುಕಿದ. ಒಳಗೆ ಕಡ್ಡಿ, ಹುಲ್ಲು, ಜೇಡಿಮಣ್ಣು, ಮೇಲೆ ಪುಕ್ಕದ ಹಾಸಿಗೆ! ಮನೆ ಕೆಲವು ವರ್ಷ ಖಾಲಿ ಇದ್ದಾಗ ಹಕ್ಕಿಗಳು ಗೂಡು ಕಟ್ಟಿದ್ದವು. ಅದನ್ನು ತೆಗೆದ ಮೇಲೆ ಚಿಮಣಿ ಚೆನ್ನಾಗಿ ಎಳೆಯಿತು. ಜಗತ್ಪ್ರಸಿದ್ಧ ವಿಜ್ಞಾನಿಗೆ ಹೊಳೆಯದ್ದು ಒಲೆಯ ವಿದ್ಯೆ ಗೊತ್ತಿಲ್ಲದವನಿಗೆ ಸಿಕ್ಕಿತು. ಫ್ರಾಂಕ್ಲಿನ್ ಇದನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಕೊನೆಯ ದಿನಗಳು

ಅವನ ಇನ್ನೊಂದು ತಪ್ಪನ್ನೂ ಹೇಳಬೇಕು. ಅವನ ಮನೆಯಲ್ಲಿ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ವಯಸ್ಸಾದ ಮೇಲೆ ಅವನ ಮನಸ್ಸು ಬದಲಾಯಿತು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ ಗುಲಾಮಗಿರಿ ನಿಲ್ಲಿಸಲು ಅಮೆರಿಕದ ಸಂಸತ್ತಿಗೆ ಆ ಸಂಘದ ಮನವಿ ಹೋಯಿತು. ಅದಕ್ಕೆ ಸಹಿ ಹಾಕಿದವನು ಫ್ರಾಂಕ್ಲಿನ್. ಮನವಿ ಫಲಿಸಲಿಲ್ಲ. ಅದೇ ವರ್ಷ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. ಬಡ ಕಸುಬುದಾರ ಹುಡುಗರಿಗೆ ಸಾಲ ಕೊಡಲೆಂದು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ಊರುಗಳಿಗೆ ತಲಾ 1000 ಪೌಂಡ್ ಬಿಟ್ಟು ಹೋಗಿದ್ದ. ಆ ನಿಧಿಗೆ ಅವನು ಇಟ್ಟಿದ್ದ 200 ವರ್ಷದ ಅವಧಿ 1990ರಲ್ಲಿ ಮುಗಿಯಿತು.

ನಾವು ಕಲಿಯುವುದೇನು?

ಚಳಿ ದೇಶಗಳಲ್ಲಿ ಇವತ್ತಿಗೂ ದೊಡ್ಡ ಮನೆ ಕಾಯಿಸಲು ಹಳೇ ಗೋಡೆ ಒಲೆಯೊಳಗೆ ಕಬ್ಬಿಣದ ಒಲೆ ಕೂರಿಸುತ್ತಾರೆ. ಈಗ ಅದಕ್ಕೆ ಗಾಜಿನ ಬಾಗಿಲು ಇರುತ್ತದೆ, ಬೆಂಕಿಯೂ ಕಾಣುತ್ತದೆ, ಶಾಖವೂ ಉಳಿಯುತ್ತದೆ. ಆರಿಸುವಾಗ ನೋಡಬೇಕಾದ್ದು ಫ್ರಾಂಕ್ಲಿನ್ ಕೇಳಿದ ಪ್ರಶ್ನೆಗಳನ್ನೇ. ಕೋಣೆಗೆ ತಕ್ಕ ಅಳತೆ ಇದೆಯೇ? ಗಾಳಿ ಎಲ್ಲಿಂದ ಬರುತ್ತದೆ? ಚಿಮಣಿ ಚೊಕ್ಕವಾಗಿದೆಯೇ? ಸೌದೆ ಒಣಗಿದೆಯೇ? ಬೇಕಾದ್ದಕ್ಕಿಂತ ದೊಡ್ಡ ಒಲೆ ತಂದು ಸಣ್ಣ ಉರಿ ಇಟ್ಟರೆ, ಹಸಿ ಸೌದೆ ಹಾಕಿದರೆ, ಚಿಮಣಿಯಲ್ಲಿ ಡಾಂಬರಿನಂಥ ಮಸಿ ಕಟ್ಟಿ ಬೆಂಕಿ ಹತ್ತುವ ಅಪಾಯವಿದೆ.

ನಮ್ಮ ಕರ್ನಾಟಕದಲ್ಲೂ ಇದೇ ದಾರಿಯಲ್ಲಿ ಯೋಚಿಸಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಅಲ್ಲಿಯ ವಿಜ್ಞಾನಿಗಳು ಹಳ್ಳಿಯ ಮನೆಗಳಿಗೆ ಚಿಮಣಿ ಇರುವ, ಸೌದೆ ಉಳಿಸುವ ಅಸ್ತ್ರ ಒಲೆ ಮಾಡಿದರು. ಈಗ ಅಡುಗೆಗೆ ಗ್ಯಾಸ್ ಬಂದಿದೆ. ಆದರೂ ನಮ್ಮ ಎಷ್ಟೋ ಮನೆಗಳ ಬಚ್ಚಲಲ್ಲಿ ಸೌದೆ ಒಲೆ ಉರಿಯುತ್ತಲೇ ಇದೆ.

ಇದನ್ನೆಲ್ಲ ಓದಿದ ಮೇಲೆ ಒಂದು ಭಾನುವಾರ ನಾನು ಬಚ್ಚಲ ಮಾಡಿಗೆ ಏಣಿ ಹಾಕಿದೆ. ಗೂಡು ಇರಲಿಲ್ಲ. ಆದರೆ ಹೊಗೆ ಹೋಗುವ ಕಿಂಡಿಗೆ ಯಾವಾಗಲೋ ಮಳೆ ಬರುತ್ತದೆ ಅಂತ ಗೋಣಿಚೀಲ ತುರುಕಿದ್ದೆವು. ಎಲ್ಲರೂ ಮರೆತಿದ್ದೆವು! ತೆಗೆದು, ಮಳೆ ಬೀಳದ ಹಾಗೆ ಮೇಲೆ ಒಂದು ಹೆಂಚು ಎತ್ತಿ ಇಟ್ಟೆ. ಮಾರನೇ ದಿನ ನಮ್ಮಜ್ಜಿ ಕೆಮ್ಮದೆ ನೀರು ಕಾಯಿಸಿದರು.

ಗೆಳೆಯರೇ, ನೀವೂ ನಾಳೆ ಬೆಳಗ್ಗೆ ನಿಮ್ಮ ಮನೆಯ ಒಲೆಯ ಹತ್ತಿರ ಐದು ನಿಮಿಷ ಕೂತು ನೋಡಿ. ಗಾಳಿ ಎಲ್ಲಿಂದ ಬರುತ್ತೆ, ಹೊಗೆ ಎಲ್ಲಿಗೆ ಹೋಗುತ್ತೆ, ಅದು ಯಾರ ಕಣ್ಣಿಗೆ ಹೋಗುತ್ತೆ? ಒಲೆ ಹಚ್ಚುವವರನ್ನೇ ಮೊದಲು ಕೇಳಿ. ಫ್ರಾಂಕ್ಲಿನ್ನನಿಗೆ ತಪ್ಪಿಹೋದ ಅವಕಾಶ ನಮಗೆ ಇನ್ನೂ ಇದೆ. ಏಣಿ ಹತ್ತುವುದಾದರೆ ದೊಡ್ಡವರು ಕೆಳಗೆ ಹಿಡಿದುಕೊಂಡಿರಲಿ.